ಒಂದೇ ಮೊಳೆಯ ಹಲಗೆ

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು ಎನ್ನುತ್ತಾರೆ. ಕುಂದಲಹಳ್ಳಿಯ ಹಳೇ ಬೀದಿಯಲ್ಲಿ ಭಾನುಮತಿಯ ಮನೆಗಿದ್ದ ಬೇಲಿ ಮಾತ್ರ ಅಂಥದ್ದಲ್ಲ. ಅದು ವರ್ಷಗಟ್ಟಲೆ ಅವಳಿಗೆ ಊಟ ಬಡಿಸಿತ್ತು.

ಸರ್ಕಾರಿ ಕಾರ್ಖಾನೆಯಲ್ಲಿ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವ ಕೆಲಸ ಮಾಡಿ ನಿವೃತ್ತಳಾದವಳು ಅವಳು. ತಮ್ಮಂದಿರ ಮದುವೆಗಳನ್ನು ಮಾಡಿ ಮುಗಿಸುವುದರೊಳಗೆ ಅವಳ ಮದುವೆಯ ವಯಸ್ಸು ಮುಗಿದಿತ್ತು. ಕಾರ್ಖಾನೆಗೆ ಯಂತ್ರಗಳು ಬರುತ್ತಿದ್ದ ಮರದ ಪೆಟ್ಟಿಗೆಗಳ ಹಲಗೆ ತಂದು, ಪಕ್ಕದ ಮನೆಯ ಈಶ್ವರಮ್ಮನ ಜೊತೆ ಸೇರಿ ಎರಡು ಹಿತ್ತಲುಗಳ ನಡುವೆ ಈ ಬೇಲಿ ಹಾಕಿಸಿದ್ದಳು. ಅದರಲ್ಲಿ ಒಂದು ಹಲಗೆಗೆ ಮೇಲೆ ಮಾತ್ರ ಮೊಳೆ. ಪಕ್ಕಕ್ಕೆ ಸರಿಸಿದರೆ ಕೈಯೊಂದು ತೂರುವಷ್ಟು ಜಾಗ.

ಸಂಜೆ ಹೊತ್ತು ಕೆಲವು ದಿನ ಆ ಜಾಗದಿಂದ ಈಶ್ವರಮ್ಮನ ಕೈ ಬರುತ್ತಿತ್ತು, ಕೈಯಲ್ಲಿ ಬಟ್ಟಲು.

"ಭಾನಮ್ಮ, ಸಾರು ಜಾಸ್ತಿ ಆಗೋಯ್ತು ಕಣವ್ವ. ಚೆಲ್ಲಕ್ಕೆ ಮನ್ಸು ಬರಲ್ಲ, ಇಸ್ಕೋ."

"ನಿಮ್ಮ ಕೈಗೆ ಅಳತೆ ಅನ್ನೋದೇ ಇಲ್ವಲ್ಲ ಈಶ್ವರಕ್ಕ," ಎಂದು ಭಾನುಮತಿ ಗದರುತ್ತಿದ್ದಳು. ತಂತಿ ಒಂದು ಸುತ್ತು ಹೆಚ್ಚಾದರೂ ಮೇಲಿನವರಿಂದ ಬೈಸಿಕೊಂಡು ಕಲಿತವಳು. ಅವಳ ಅಡುಗೆ ಎಂದೂ ಒಂದು ಸೌಟು ಹೆಚ್ಚಾದದ್ದಿಲ್ಲ. ಖಾಲಿ ಬಟ್ಟಲು ವಾಪಸು ಕೊಡಬಾರದೆಂದು ಚಿಟಿಕೆ ಸಕ್ಕರೆ ಹಾಕುತ್ತಿದ್ದಳು, ಅಷ್ಟೇ.

ಯುಗಾದಿ ಕಳೆದು ಮಳೆ ಹಿಡಿಯುವುದರೊಳಗೆ ಬೇಲಿಗೆ ಬಣ್ಣವಾಗಬೇಕು. ಉಪ್ಪು ಕಾಗದದಲ್ಲಿ ಉಜ್ಜಿ, ಕಂದು ಬಣ್ಣದ ಸ್ಟೇನ್ ಕುಡಿಸಿ, ಒಣಗಿದ ಮೇಲೆ ವಾರ್ನಿಶ್ ಎರಡು ಕೋಟ್. ಅವರವರ ಮಗ್ಗುಲು ಅವರವರದ್ದು, ಮಾತು ಮಾತ್ರ ಸಂದಿಯಲ್ಲಿ ಆಚೀಚೆ. ಈ ವರ್ಷ ಆಚೆ ಯಾರೂ ಇರಲಿಲ್ಲ. ಕಾರ್ತೀಕದಲ್ಲಿ ಈಶ್ವರಮ್ಮ ತೀರಿಕೊಂಡಿದ್ದಳು. ಮನೆ ಕೈಬದಲಾಗಿ ಹುಡುಗಿಯರ ಪೀಜಿಯಾಗಿತ್ತು. ಒಂದೇ ಮಗ್ಗುಲಿಗೆ ಬಳಿದರೆ ಮರ ಇನ್ನೊಂದು ಮಗ್ಗುಲಿಂದ ನೀರು ಕುಡಿದು ಕೊಳೆಯುತ್ತದೆ. ಭಾನುಮತಿ ಡಬ್ಬ, ಬ್ರಷ್ಷು ಹಿಡಿದು ಬೀದಿ ಸುತ್ತಿ ಪೀಜಿಯ ಬಾಗಿಲಿಗೆ ಹೋದಳು.

ಅಲ್ಲಿನ ಮ್ಯಾನೇಜರ್ ನರೇಶ್ ಒಳ್ಳೆಯವನೇ. "ಬಳ್ಕೊಳ್ಳಿ ಮೇಡಂ. ಆದ್ರೆ ಆ ಲೂಸ್ ಹಲಗೆಗೆ ಕೆಳಗೊಂದು ಮೊಳೆ ಹೊಡ್ದುಬಿಡಿ. ಹುಡ್ಗೀರು ಭಯ ಬೀಳ್ತಾರೆ. ಇಲ್ಲಾಂದ್ರೆ ಓನರ್ ಬೇಲಿ ಕಿತ್ತು ತಗಡು ಹಾಕಿಸ್ತೀನಿ ಅಂತಿದ್ದಾರೆ."

"ಆಯ್ತಪ್ಪ, ಹೊಡೀತೀನಿ. ಇನ್ನು ಅದನ್ನ ಸರಿಸೋರಾದ್ರೂ ಯಾರು," ಎಂದಳು.

ಹಲಗೆಗಳ ಕೆಳಭಾಗ ಉಜ್ಜಲು ಈಶ್ವರಮ್ಮನ ಒಗೆಯುವ ಕಲ್ಲಿನ ಮೇಲೆ ಕುಳಿತಳು. ಈ ಹಿತ್ತಲಿಗೆ ಬಂದಿದ್ದುಂಟು, ಆ ಕಲ್ಲಿನ ಮೇಲೆ ಕುಳಿತದ್ದಿಲ್ಲ. ಕಣ್ಣೆತ್ತಿದರೆ ಸಂದಿಯಲ್ಲಿ ತನ್ನದೇ ಮನೆ. ತೆರೆದ ಹಿತ್ತಲ ಬಾಗಿಲು, ಅದರ ನೇರಕ್ಕೆ ಅಡುಗೆಮನೆಯ ಒಲೆ. ಒಲೆಯ ಪಕ್ಕ ಬೋರಲು ಹಾಕಿದ ಅವಳ ಒಂದೇ ತಟ್ಟೆಯೂ ಕಾಣುತ್ತಿತ್ತು.

ಈಶ್ವರಮ್ಮ ದಿನಾ ಸಂಜೆ ಸೊಪ್ಪು ಬಿಡಿಸುತ್ತಿದ್ದದ್ದು ಈ ಕಲ್ಲಿನ ಮೇಲೆಯೇ.

ಭಾನುಮತಿಯ ಕೈ ನಿಂತಿತು. ಜ್ವರ ಬಂದು ಮಲಗಿದ್ದ ದಿನ ಬಸ್ಸಾರು ಬಂದಿತ್ತು. ಕೊನೆಯ ತಮ್ಮ ಗೃಹಪ್ರವೇಶಕ್ಕೆ ಕರೆಯದೆ ಬಿಟ್ಟ ದಿನ ಹಿತಕಿದ ಬೇಳೆ ಸಾರು. ಕಾರ್ಖಾನೆಯವರು ಹಾಕಿದ ಬೀಳ್ಕೊಡುಗೆಯ ಹಾರವನ್ನು ಮೇಜಿನ ಮೇಲಿಟ್ಟು ಸುಮ್ಮನೆ ಕೂತಿದ್ದ ದಿನವೂ ಬಟ್ಟಲು. ತಾನು ಒಲೆ ಹಚ್ಚಿದ ದಿನ ಈಶ್ವರಮ್ಮನ ಸಾರು ಒಮ್ಮೆಯೂ ಜಾಸ್ತಿಯಾಗಿರಲಿಲ್ಲ.

ಅಳತೆಯಿಲ್ಲದ ಕೈ ಎಂದು ಎಷ್ಟು ಸಲ ಹಂಗಿಸಿದ್ದಳು. ಪಾಪ ಎಂದು ಕೊಟ್ಟದ್ದು ಎಂದು ಗೊತ್ತಾದರೆ ಭಾನುಮತಿ ಬಟ್ಟಲು ಮುಟ್ಟುವವಳಲ್ಲ. ಆ ಮುದುಕಿಗೆ ಅದೂ ಗೊತ್ತಿತ್ತು. ಅದಕ್ಕೇ ಕೊನೆಯವರೆಗೂ ಬೈಸಿಕೊಂಡೇ ಇದ್ದಳು.

ಎರಡನೆಯ ಕೋಟ್ ಒಣಗಿದ ದಿನ ಸಂಜೆ ಮೊಳೆ, ಸುತ್ತಿಗೆ ತೆಗೆದಿಟ್ಟು, ಹೊಡೆಯಲು ಮನಸ್ಸಾಗದೆ ಭಾನುಮತಿ ಬಸ್ಸಾರಿಗೆ ಇಟ್ಟಳು. ಬೇಳೆಯನ್ನು ಅಳೆಯದೆ ಕೈಗೆ ಬಂದಷ್ಟು ಹಾಕಿದಳು. ಬಟ್ಟಲು ತುಂಬಿಸಿಕೊಂಡು ಬೇಲಿಯ ಬಳಿ ಹೋಗಿ, ಹಲಗೆ ಸರಿಸಿ ಕೈ ತೂರಿಸಿದಳು.

"ಈಶ್ವರಕ್ಕ, ಸಾರು ಜಾಸ್ತಿ ಆಗೋಯ್ತು ಕಣ್ರೀ."

ಆಚೆ ಒಗೆಯುವ ಕಲ್ಲಿನ ಮೇಲೆ ಯಾವುದೋ ಹುಡುಗಿಯ ಬಟ್ಟೆಯ ಬಕೆಟ್ ಇತ್ತು. ಕೈ ಸೋಲುವವರೆಗೂ ಬಟ್ಟಲು ಹಿಡಿದೇ ನಿಂತಿದ್ದಳು. ಆಮೇಲೆ ಅದನ್ನು ಈಚೆಗೆ ತೆಗೆದು ನೆಲದ ಮೇಲಿಟ್ಟು, ಹಲಗೆ ನೇರ ಮಾಡಿ ಮೊಳೆ ಹೊಡೆದಳು. ಆ ಸಾರನ್ನು ಮಾರನೆಯ ದಿನವೂ ಅವಳೇ ಬಿಸಿ ಮಾಡಿಕೊಂಡು ಉಂಡಳು.