ಹೊಳೆಯಲ್ಲಿ ಹೋದ ಬೇವಿನ ಕೊಂಬೆ

ನಸುಕಿನ ಮಬ್ಬಿನಲ್ಲಿ ಬೇವಿನ ಕೊಂಬೆಯೊಂದು ತಾನೇ ನಡೆದು ಬರುವಂತೆ ಕಂಡಿತು. ಅದನ್ನು ಹಿಡಿದಿದ್ದವರು ಒಬ್ಬ ಅಜ್ಜಿ. ಲಾಕ್‌ಡೌನ್‌ನಲ್ಲಿ ನಾನು ನಂಜನಗೂಡು ಸೇತುವೆಯ ಬ್ಯಾರಿಕೇಡ್ ಕಾಯುತ್ತಿದ್ದ ಹೋಂಗಾರ್ಡ್.

“ಕೊರೊನಾ ನಂಗೆ ಬಂದೋಗದೆ ಕಣವ್ವ. ಸಿಡುಬಾದೋರ್ನ ಸಿಡುಬಾಗಿ ಎದ್ದೋರೇ ನೋಡ್ಕತಿದ್ದುದು. ನರಸೀಪುರದಲ್ಲಿ ತಂಗಿ ಮಲಗವ್ಳೆ, ಬೇವಿನ್ ಸೊಪ್ಪಲ್ಲಿ ಗಾಳಿ ಬೀಸೋರಿಲ್ಲ. ಬುಟ್ಬುಡು.”

“ಬಂದೋಗಿದ್ರೂ ರೂಲ್ಸು ಎಲ್ರಿಗೂ ಒಂದೇ ಅಜ್ಜಿ,” ಎಂದೆ.

ಅವರು ಮೆಲ್ಲಗೆ ಹೊಳೆಯ ಮೆಟ್ಟಿಲಿಳಿದು ಕೊಂಬೆಯನ್ನು ಕಪಿಲೆಯಲ್ಲಿ ತೇಲಿಬಿಟ್ಟರು. “ಈ ಬೇವಿನವ್ವನೂ ನೀರಿನ್ ಜೊತೆ ನರಸೀಪುರಕ್ಕೇ ಓಯ್ತಾಳೆ. ಇವ್ಳನ್ನೂ ತಡೀತೀಯಾ?”

ಆ ತಂಗಿ ಉಳಿದರೋ ಇಲ್ಲವೋ, ನನಗೆ ಗೊತ್ತಿಲ್ಲ. ಇವತ್ತಿಗೂ ಸೇತುವೆ ದಾಟುವಾಗ ನನ್ನ ಕಣ್ಣು ನೀರಿಗಿಳಿದು, ಇಲ್ಲದ ಆ ಕೊಂಬೆಯ ಹಿಂದೆ ನರಸೀಪುರದ ಕಡೆಗೆ ಹೊರಟುಬಿಡುತ್ತದೆ.