ನಿಮ್ದೂ ಅದರಾಗ ಬಂತು

ಹಸೀನಾಬಿ, ನಿಮ್ಮ ಒಲೆಯನ್ನು ನಾನು ಕಂಡಿದ್ದೆ. ಕಂಡೂ ಬರೆಯಲಿಲ್ಲ. ಒಂದು ಸಲವಲ್ಲ, ಮೂರು ಸಲ. ತಿಳಿಯದೆ ಆದ ತಪ್ಪು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ — ಸುಳ್ಳು. ಶುದ್ಧ ಸುಳ್ಳು.

ನನ್ನ ಕೆಲಸ ನಿಮಗೆ ಗೊತ್ತು. ನಾಲ್ಕು ವರ್ಷಕ್ಕೊಮ್ಮೆ ಸಮೀಕ್ಷೆಗೆಂದು ಗೋಕಾಕದಿಂದ ಕುಲಗೋಡಕ್ಕೆ ಬಂದು ಅವೇ ಮನೆಗಳ ಬಾಗಿಲು ತಟ್ಟುವುದು. ಏನು ಉಂಡಿರಿ, ಏನು ಕೊಂಡಿರಿ, ಯಾರು ಶಾಲೆಗೆ ಹೋಗುತ್ತಾರೆ — ಅವೇ ಪ್ರಶ್ನೆಗಳು. ಯಾರ ಬಡತನ ಇಳಿಯಿತು, ಯಾರು ಯಾರಿಗಿಂತ ಹಿಂದೆ ಬಿದ್ದರು ಎಂಬುದು ಹಾಗೆ ಮತ್ತೆ ಮತ್ತೆ ಕೇಳಿದರೇ ತಿಳಿಯುತ್ತದೆ. ನಮ್ಮ ಫಾರ್ಮಿನ ಮೊದಲ ನಿಯಮ: ಒಂದು ಒಲೆ, ಒಂದು ಮನೆ. ಒಂದೇ ಸೂರಿನಡಿ ಎರಡು ಒಲೆ ಹೊತ್ತಿದರೆ ಎರಡು ಫಾರ್ಮು ತುಂಬಬೇಕು.

ಮೊದಲ ಸಲ ಬಂದಾಗ ನಿಮ್ಮ ಗಂಡ ತೀರಿಕೊಂಡು ವರ್ಷವೂ ಆಗಿರಲಿಲ್ಲ. ನಿಮ್ಮ ಭಾವ ದಸ್ತಗೀರಸಾಬರು ನನ್ನನ್ನು ಪಡಸಾಲೆಯಲ್ಲಿ ಕೂರಿಸಿ ರೊಟ್ಟಿ ತಿನ್ನಿಸಿದರು. ಒಲೆ ಎಷ್ಟೆಂದು ಕೇಳಿದೆ. "ಒಂದ ಬರೀರಿ ಅಕ್ಕಾರ. ತಮ್ಮನ ಹೇಂತೀನ ಬ್ಯಾರೆ ಇಟ್ಟಾರ ಅಂದ್ರ ಮಂದಿ ಏನಂದಾರು?" ಎಂದರು. ಹಿತ್ತಲ ಬಾಗಿಲು ತೆರೆದಿತ್ತು. ಮೂರು ಇಟ್ಟಿಗೆಯ ಒಲೆಯ ಮುಂದೆ ನೀವು ಕುಳಿತಿದ್ದಿರಿ, ಪಕ್ಕದಲ್ಲಿ ಪುಟ್ಟ ಮುಮತಾಜ. ಆ ಹೊಗೆ ನನ್ನ ಕಣ್ಣಿಗೂ ಬಂತು. ಉಂಡ ಮನೆಯ ಜಂತಿ ಎಣಿಸಬಾರದು ಎನ್ನುತ್ತಿದ್ದಳು ನಮ್ಮವ್ವ. ಅದನ್ನೇ ನೆಪ ಮಾಡಿಕೊಂಡೆ. ಅಯ್ಯ, ಜಂತಿ ಎಣಿಸುವುದಕ್ಕೇ ಪಗಾರ ತಿನ್ನುವವಳು ನಾನು! ನಿಜವಾದ ಕಾರಣ ಇಷ್ಟೇ — ಇನ್ನೊಂದು ಫಾರ್ಮು ಎಂದರೆ ಇನ್ನೆರಡು ತಾಸು. ಮೂರೂವರೆಯ ಬಸ್ಸು ತಪ್ಪುತ್ತಿತ್ತು.

ಎರಡನೆಯ ಸಲ ನೀವೇ ಎದ್ದು ಬಂದಿರಿ, ಕೈಯಲ್ಲಿ ಅರ್ಧ ಹೊಲಿದ ಯಾರದೋ ಕೌದಿ. "ನಂದ ಕೇಳೂದಿಲ್ಲೇನ್ರಿ?" ಎಂದಿರಿ. ತಲೆ ಎತ್ತದೆ ಹೇಳಿದೆ: "ನಿಮ್ದೂ ಅದರಾಗ ಬಂತ್ರಿ."

ಅಷ್ಟೇ ಮಾತು. ನೀವು ಹಿತ್ತಲಿಗೆ ಹಿಂತಿರುಗಿದಿರಿ. ಮತ್ತೆಂದೂ ಕೇಳಲಿಲ್ಲ.

ಮೂರನೆಯ ಸಲದ ಹೊತ್ತಿಗೆ ಮುಂಭಾಗದಲ್ಲಿದ್ದ ನಿಮ್ಮ ಭಾವನ ಮನೆಗೆ ಗ್ಯಾಸು, ಫ್ರಿಜ್ಜು, ಮೋಟಾರ್ ಸೈಕಲ್ಲು ಬಂದಿದ್ದವು. ನನ್ನ ಫಾರ್ಮಿನಲ್ಲಿ ನೀವೂ ಫ್ರಿಜ್ಜಿನ ಒಡತಿ! ಮುಮತಾಜ ಏಳನೆಯ ತರಗತಿಗೇ ಶಾಲೆ ಬಿಟ್ಟು ನಿಮ್ಮ ಜೊತೆ ಕೌದಿ ಹೊಲಿಯುತ್ತಿದ್ದಳು. "ಮನಿ ಹುಡುಗೂರೆಲ್ಲಾ ಸಾಲಿಗೆ ಹೋಗತಾವ್ರಿ," ಎಂದರು ಭಾವ. ಎಲ್ಲರೂ ಎಂದೇ ಬರೆದೆ. ಬಡತನದಿಂದ ಮೇಲೆ ಬಂದ ಮನೆ ಎಂದು, ನಿಮ್ಮನ್ನೂ ಸೇರಿಸಿ ಎಣಿಸಿಯಾಯಿತು.

ಈ ಸಲ ಮೇಲ್ವಿಚಾರಕರ ಮುಂದೆ ಎಲ್ಲ ಹೇಳಿದೆ. "ಹಳೇದನ್ಯಾಕ ಕೆದರತೀರಿ? ಲೆಕ್ಕಾ ಕೆಡತೈತಿ," ಎಂದರು.

"ಲೆಕ್ಕಾ ಮದಲ ಕೆಟ್ಟೈತ್ರಿ ಸರ್. ಕೆಡಿಸಿದಾಕಿ ನಾನ," ಎಂದೆ.

ಮೂರೂ ಸುತ್ತಿನ ತಪ್ಪನ್ನು ಬರೆದು, ಸಹಿ ಹಾಕಿ, ಅವರ ಮೇಜಿನ ಮೇಲಿಟ್ಟು ಬಂದೆ. ಕೆಲಸ ಹೋಗುವುದಾದರೆ ಹೋಗಲಿ. ನಿಮ್ಮ ಭಾವನ ಮರ್ಯಾದೆಗೂ ಸಾಹೇಬರ ಲೆಕ್ಕಕ್ಕೂ ಇನ್ನು ನಾನು ಹೆದರುವವಳಲ್ಲ — ಆದರೆ ಈ ಧೈರ್ಯ ಅಂದೇ ಇದ್ದಿದ್ದರೆ —

ಮರುದಿನ ಪಡಸಾಲೆಯಿಂದ ದಸ್ತಗೀರಸಾಬರು ಕರೆದರೂ ನಿಲ್ಲದೆ ನೇರ ಹಿತ್ತಲಿಗೆ ಬಂದೆ. ನಡೆದದ್ದನ್ನೆಲ್ಲ ನಿಮಗೆ ಹೇಳಿದೆ. ಕ್ಷಮೆ ಕೇಳಲಿಲ್ಲ, ಕೇಳಲು ಮುಖ ಎಲ್ಲಿದೆ? ಹೊಸ ಫಾರ್ಮು ತೆಗೆದು ನಿಮ್ಮ ಹೆಸರು ಬರೆದೆ. ನೀವು ಹೊಲಿಯುತ್ತಲೇ ಒಂದೊಂದಕ್ಕೂ ಉತ್ತರ ಕೊಟ್ಟಿರಿ. ನಿನ್ನೆ ಒಲೆ ಎಷ್ಟು ಸಲ ಹೊತ್ತಿಸಿದಿರಿ ಎಂದೆ. "ಒಮ್ಮಿ," ಎಂದಿರಿ. ಕೊನೆಗೆ ಸೂಜಿ ನಿಲ್ಲಿಸಿ ನೀವೇ ಒಂದು ಪ್ರಶ್ನೆ ಕೇಳಿದಿರಿ.

"ಅಕ್ಕಾರ, ನಮ್ಮ ಮುಮತಾಜ ಇನ್ನೂ ನಿಮ್ಮ ಹಾಳ್ಯಾಗ ಸಾಲಿಗೆ ಹೋಗತಾಳೇನ್ರಿ?"

ಹೌದು ಹಸೀನಾಬಿ. ಹೋಗುತ್ತಿದ್ದಾಳೆ. ಹಾಗೆ ಬರೆದವಳು ನಾನು.