ಗಿನ್ಕಾಳ ಸೊಂಟದಳತೆ

ಗಿನ್ಕಾ ತನ್ನ ನೆರಳನ್ನೂ ನಂಬುವ ಹೆಂಗಸಲ್ಲ. ಬಲ್ಗೇರಿಯಾದ ಆ ಬೆಟ್ಟದೂರಿನ ಓದುಮನೆ ಸಂಘಕ್ಕೆ ಅವಳೇ ಖಜಾಂಚಿ. ಅವಳ ಕಣ್ಣು ತಪ್ಪಿಸಿ ಒಂದು ಮೊಳೆ ಕೊಳ್ಳಲೂ ಆಗುತ್ತಿರಲಿಲ್ಲ. ಸಂಘದ ಆದಾಯವೆಂದರೆ ಹಿಂದಿನವರು ನೆಟ್ಟುಹೋದ ಅಕ್ರೋಟು ತೋಪು. ಕಾಯಿ ಮಾರಿದ ದುಡ್ಡಲ್ಲೇ ಪುಸ್ತಕ, ಚಳಿಗಾಲದ ಸೌದೆ, ಹಾಡು ಕಲಿಸುವವಳ ಸಂಬಳ. ಈಗ ಮರಗಳಿಗೆ ಮುಪ್ಪು. ಹೊಸ ಸಸಿ ನೆಡದಿದ್ದರೆ ಮುಂದೆ ಓದುಮನೆಗೆ ಬೀಗವೇ ಗತಿ.

ಆದರೆ ನೆಡುವವರು ಯಾರು? ಅಕ್ರೋಟಿನ ಕಾಂಡ ನೆಟ್ಟವರ ಸೊಂಟದಷ್ಟು ದಪ್ಪವಾದ ದಿನ ನೆಟ್ಟವರು ಸಾಯುತ್ತಾರೆಂದು ಊರಿಗೆ ಊರೇ ನಂಬಿತ್ತು. ನಗಬೇಡಿ, ಸನಿಕೆ ಕೈಗೆ ಬಂದಾಗ ಗೊತ್ತಾಗುತ್ತದೆ ಆ ಭಯ. ತಂದ ಸಸಿಗಳು ಹಿತ್ತಲಲ್ಲಿ ಒಣಗುತ್ತಿದ್ದವು.

ಅಷ್ಟರಲ್ಲಿ ಬಟ್ಟೆ ಹೊಲಿಯುವ ಪೇನಾ ಬಂದು ಕಿವಿ ಕಚ್ಚಿದಳು. "ಅಕ್ಕಾ, ನಿಮ್ಮ ಸಂಘದ ಅಧ್ಯಕ್ಷ ಸ್ಪಾಸ್ ನಿನ್ನ ಸೊಂಟದಳತೆ ಕೇಳ್ದ ಕಣೇ!"

"ಆ ಮುದಿಗೂಬೆಗೆ ನನ್ನ ಸೊಂಟ ಯಾಕಂತೆ?"

"ಯಾಕೋ ಗೊತ್ತಿಲ್ಲ. ಹೇಳಿದ್ಮೇಲೆ ಮುಖ ಅರಳಿಸ್ಕೊಂಡು ಹೋದ."

ಗಿನ್ಕಾಳಿಗೆ ಮೈಯೆಲ್ಲ ಉರಿದುಹೋಯಿತು. ಹೆಂಡತಿ ಸತ್ತವನಿಗೆ ಈ ವಯಸ್ಸಿನಲ್ಲಿ ಮದುವೆಯ ಹುಚ್ಚೇ? ಅಥವಾ ತನ್ನನ್ನು ಮರುಳು ಮಾಡಿ ತೋಪು ಮಾರಿಸುವ ಸಂಚೇ? ಮರುದಿನ ಬೆಳಿಗ್ಗೆ ಅವನು ಸನಿಕೆ ಹೊತ್ತು ತೋಪಿಗೆ ಹೊರಟಾಗ ಕಳ್ಳಹೆಜ್ಜೆಯಲ್ಲಿ ಹಿಂದೆಯೇ ಹೋದಳು.

"ಏನೋ ನಡೆಸಿದ್ದೀಯ ಇಲ್ಲಿ? ನನ್ನ ಸೊಂಟದ ಸುದ್ದಿ ನಿನಗ್ಯಾಕೋ?"

ಗುಂಡಿ ತೋಡುತ್ತಿದ್ದ ಸ್ಪಾಸ್ ತಬ್ಬಿಬ್ಬಾದ. "ಬೈಬೇಡ ಮಾರಾಯ್ತಿ. ಊರಲ್ಲಿ ನಿನ್ನಷ್ಟು ದುಂಡಗೆ ಯಾರಿದ್ದಾರೆ? ನೀನು ನೆಟ್ರೆ ಮರ ನಿನ್ನ ಸೊಂಟಕ್ಕೆ ಸಮ ಆಗೋಕೆ ನೂರು ವರ್ಷ ಬೇಕು. ಕೇಳೋಕೆ ಮಾತ್ರ ಧೈರ್ಯ ಬರ್ಲಿಲ್ಲ."

ಬೈಯಲು ಬಾಯಿ ತೆರೆದವಳಿಗೆ ಅವನ ಹಿಂದೆ ಆಗಲೇ ನೆಟ್ಟಿದ್ದ ಮೂರು ಸಸಿ ಕಂಡವು. ಅವನ ಸೊಂಟವೋ, ಪೊರಕೆ ಕಡ್ಡಿ.

"ಅಯ್ಯೋ ಪಾಪಿ, ಇವನ್ನ ನೀನೇ ನೆಟ್ಯಾ?"

"ಒಣಗ್ತಿದ್ವಲ್ಲ ಗಿನ್ಕಾ, ಇನ್ನೇನು ಮಾಡ್ಲಿ?"

ಅವಳ ಕಣ್ಣು ತುಂಬಿಬಂತು. ಇಂಥವನನ್ನು ಕಳ್ಳನೆಂದುಕೊಂಡೆನಲ್ಲ ಎಂದು ನಾಚಿಕೆಯೂ ಆಯಿತು. ಸನಿಕೆ ಕಿತ್ತುಕೊಂಡು ಉಳಿದದ್ದನ್ನೆಲ್ಲ ತಾನೇ ನೆಟ್ಟಳು.

ಆಮೇಲಿಂದ ಪ್ರತಿ ವರ್ಷ ಎಲೆ ಉದುರಿದ ಮೇಲೆ ಪೇನಾಳ ಟೇಪು ತಂದು ಆ ಮೂರು ಗಿಡಗಳನ್ನಷ್ಟೇ ಅಳೆಯುತ್ತಾಳೆ. ಭಾನುವಾರ ತಪ್ಪದೆ ಬೆಣ್ಣೆ, ಚೀಸು ಸುರಿದು ಬಾನಿತ್ಸಾ ಎಂಬ ಪದರ ರೊಟ್ಟಿ ಬೇಯಿಸಿ ಸ್ಪಾಸನ ಮನೆಗೆ ಒಯ್ಯುತ್ತಾಳೆ. ಅವನು ಕೊನೆಯ ತುತ್ತು ನುಂಗುವವರೆಗೂ ಎದುರಿಂದ ಏಳುವುದಿಲ್ಲ. ತಾನು ಅತ್ತ ಹೋದರೆ ಇತ್ತ ನಾಯಿಗೆ ಹಾಕಿಬಿಡುತ್ತಾನೆಂದು ಅವಳಿಗೆ ಅನುಮಾನ.